ತಾಯಿಯನ್ನು ಬಿಟ್ಟು ಮಗುವಿಗೊಂದು ಯೋಜನೆಯೇ?

ಎರಡು ವರ್ಷಕ್ಕೊಮ್ಮೆ ಹೊರನಾಡ ಕನ್ನಡಿಗರೆಲ್ಲ ಒಂದೆಡೆ ಕಲೆಯುವ ಇಂತಹ ಸಮ್ಮೇಳನಗಳ ಕೊನೆಯ ದಿನ, ತಾಯ್ನಾಡಿನ ಋಣ ತೀರಿಸುವ ಕುರಿತು ಒಂದೆರಡು ಠರಾವುಗಳು ಅಂಗೀಕಾರವಾಗುವುದು ವಾಡಿಕೆ. ಒಂದು ಶಾಲೆಯನ್ನು ದತ್ತು ಪಡೆಯೋಣ, ಎರಡು ಕೊಠಡಿ ಕಟ್ಟಿಸೋಣ, ಹತ್ತು ಗಣಕಯಂತ್ರ ಕಳುಹಿಸೋಣ ಎಂಬ ಘೋಷಣೆಗೆ ಚಪ್ಪಾಳೆ ಬೀಳುತ್ತದೆ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳಾದ್ದರಿಂದ ಮುಂದಿನ ಮಾತುಗಳನ್ನು ಯಾರೂ ದೂರೆಂದು ಭಾವಿಸಬಾರದಾಗಿ ಪ್ರಾರ್ಥನೆ. ನಾನು ಶಿಕ್ಷಣತಜ್ಞೆಯಲ್ಲ, ಸಮಾಜ ಕಾರ್ಯಕರ್ತೆಯೂ ಅಲ್ಲ. ಧಾರವಾಡದಲ್ಲಿ ಬಿ.ಎ. ಮುಗಿಸಿ, 1994ರಲ್ಲಿ ಪತಿಯೊಡನೆ ಕುವೈತಿಗೆ ಬಂದು, ಅಬ್ಬಾಸಿಯಾದ ಮೂರನೆಯ ಮಹಡಿಯ ಮನೆಯೊಂದರಲ್ಲಿ ಸಂಸಾರ ನಡೆಸಿದ ಗೃಹಿಣಿ. ಆ ಮಹಡಿಯಿಂದ ಕಂಡದ್ದನ್ನಷ್ಟೇ ಹೇಳಬಲ್ಲೆ.

ಅಬ್ಬಾಸಿಯಾವನ್ನು ಕಾಣದವರಿಗಾಗಿ ಒಂದು ಮಾತು. ಜಲೀಬ್ ಅಲ್ ಶುಯೂಖ್ ಎಂಬ ವಿಶಾಲ ಬಡಾವಣೆಯ ಭಾಗವಿದು. ಮಲಯಾಳ, ತಮಿಳು, ತೆಲುಗು, ಕೊಂಕಣಿ, ತುಳು, ಕನ್ನಡಗಳೆಲ್ಲ ಒಂದೇ ಮೆಟ್ಟಿಲಿನ ಮೇಲೆ ಕೇಳಿಬರುತ್ತವೆ. ನಸುಕಿನಲ್ಲಿಯೇ ಭಾರತೀಯ ಶಾಲೆಗಳ ಬಸ್ಸುಗಳು ರಸ್ತೆಯುದ್ದಕ್ಕೂ ಸಾಲುಗಟ್ಟುತ್ತವೆ. ನನ್ನ ಇಬ್ಬರು ಮಕ್ಕಳೂ ಆ ಬಸ್ಸು ಹತ್ತಿಯೇ ಓದಿದವರು. ಕೆಲವು ವರ್ಷಗಳ ಹಿಂದೆ, ಆ ಬಸ್ಸುಗಳು ಬರುವ ಹೊತ್ತಿಗೆ ಸರಿಯಾಗಿ ನಮ್ಮ ಕಟ್ಟಡದ ಬಾಗಿಲಲ್ಲಿ ಹೆಣ್ಣುಮಗಳೊಬ್ಬಳು ಬಂದು ನಿಲ್ಲುತ್ತಿದ್ದಳು. ಕೆಳಮನೆಯಲ್ಲಿ ಬೆಡ್ ಸ್ಪೇಸ್ ಹಿಡಿದಿದ್ದವಳು. ಅವಳ ಬಾಯಿಂದ ನಮ್ಮ ಬೆಳಗಾವಿ ಸೀಮೆಯ ಕನ್ನಡ ಕೇಳಿದ ದಿನ ನಾನು ಹಾಲಿನ ಚೀಲ ಕೈಯಲ್ಲಿ ಹಿಡಿದು ಅರ್ಧ ಗಂಟೆ ಅಲ್ಲಿಯೇ ನಿಂತಿದ್ದೆ.

ಅವಳ ಕಥೆ ಇಲ್ಲಿನವರಿಗೆ ಹೊಸತಲ್ಲ. 20ನೇ ನಂಬರಿನ ವೀಸಾ, ಅಂದರೆ ಇಲ್ಲಿನ ಆಡುಮಾತಿನ ಖಾದಿಂ ವೀಸಾದಲ್ಲಿ ಮನೆಗೆಲಸಕ್ಕೆ ಬಂದವಳು. ಸಂಬಳ ನಿಂತಿತು. ಪಾಸ್‌ಪೋರ್ಟು ಮನೆಯವರ ಕಪಾಟಿನಲ್ಲಿತ್ತು. ಒಂದು ದಿನ ಬರಿಗೈಯಲ್ಲಿ ಹೊರಬಿದ್ದಳು. ಓಡಿಹೋದವಳೆಂಬ ದೂರು ದಾಖಲಾಯಿತು, ಅಕಾಮಾ ಮುಗಿಯಿತು. ಆಮೇಲೆ ಕದ್ದುಮುಚ್ಚಿ ಮೂರು ಮನೆಗಳ ಕೆಲಸ. ಊರಿನಲ್ಲಿ ಮಗಳು ಅಜ್ಜಿಯ ಬಳಿಯಿದ್ದಳು. ಅಜ್ಜಿ ಹಾಸಿಗೆ ಹಿಡಿದಾಗ ಹುಡುಗಿ ಏಳನೆಯ ತರಗತಿಯ ನಡುವೆಯೇ ಶಾಲೆ ಬಿಟ್ಟಳು. ಆ ಸುದ್ದಿ ತಾಯಿಗೆ ತಲುಪಿದ್ದು ಎಂಟು ತಿಂಗಳ ಮೇಲೆ.

ಇಂಥವಳ ರಕ್ಷಣೆಗೆ ನಿಯಮಗಳಿರಲಿಲ್ಲವೆಂದು ಯಾರೂ ಹೇಳಲಾಗದು. ಕುವೈತಿನ 2015ರ 68ನೇ ಕಾನೂನು ಮನೆಗೆಲಸದವರಿಗೆ ವಾರಕ್ಕೊಂದು ರಜೆ, ದಿನಕ್ಕೆ 12 ಗಂಟೆಗಳ ಮಿತಿ, ವರ್ಷಕ್ಕೆ 30 ದಿನಗಳ ಸಂಬಳಸಹಿತ ರಜೆ ಕೊಟ್ಟಿತು. ಮರುವರ್ಷ ಕನಿಷ್ಠ ವೇತನ 60 ದಿನಾರ್ ಎಂದಾಯಿತು. ಇದೇ ಜಲೀಬಿನಲ್ಲಿ 500 ಮಂದಿಗೆ ಸ್ಥಳವಿರುವ ಸರಕಾರಿ ಆಶ್ರಯ ಕೇಂದ್ರ 2014ರಲ್ಲಿಯೇ ತೆರೆದಿತ್ತು. ಭಾರತ ಮತ್ತು ಕುವೈತ್ ಸರಕಾರಗಳು 2021ರ ಜೂನ್‌ನಲ್ಲಿ ಮನೆಗೆಲಸದವರ ಕುರಿತು ಒಡಂಬಡಿಕೆಗೆ ಸಹಿ ಹಾಕಿದವು. ಎಲ್ಲವೂ ಮೆಚ್ಚತಕ್ಕವೇ. ಆದರೆ ದೂರು ಕೊಡಬೇಕಾದವಳು ಮನೆಯ ಬಾಗಿಲು ದಾಟಬಲ್ಲಳು, ಅವಳ ಕೈಯಲ್ಲೊಂದು ಫೋನಿರುತ್ತದೆ, ಅವಳಿಗೆ ಅರಬ್ಬಿಯೋ ಇಂಗ್ಲಿಷೋ ಬರುತ್ತದೆ ಎಂದು ಇವೆಲ್ಲ ಭಾವಿಸಿಕೊಂಡಂತಿವೆ. ನಾನು ಬಲ್ಲ ಆ ಹೆಣ್ಣುಮಗಳಿಗೆ ಆಶ್ರಯ ಕೇಂದ್ರವೊಂದಿದೆ ಎಂಬುದು ತಿಳಿದದ್ದು ಅದರ ಹತ್ತಿರದಲ್ಲೇ ಒಂದು ವರ್ಷ ಅವಿತು ಬದುಕಿದ ಬಳಿಕ.

ನಮ್ಮ ಭಾರತ ಸರಕಾರದ ನಿಯಮವೊಂದನ್ನು ವಿಶೇಷವಾಗಿ ಗಮನಿಸಬೇಕು. ಹೆಚ್ಚು ಓದಿರದ, ಇ.ಸಿ.ಆರ್. ಪಾಸ್‌ಪೋರ್ಟಿನ ಹೆಣ್ಣುಮಗಳು ಕೊಲ್ಲಿ ದೇಶಗಳಿಗೆ ಮನೆಗೆಲಸಕ್ಕೆ ಹೋಗಬೇಕಾದರೆ ವಯಸ್ಸು 30 ತುಂಬಿರಬೇಕು. ಎಳೆಯ ಹುಡುಗಿಯರು ಮೋಸಹೋಗದಿರಲೆಂಬ ಸದುದ್ದೇಶ. ಪರಿಣಾಮವೇನೆಂದು ಯೋಚಿಸಿ. ಮೂವತ್ತರೊಳಗಿನವರು ಪ್ರವಾಸಿ ವೀಸಾ ಹಿಡಿದು ಬೇರೊಂದು ದೇಶಕ್ಕಿಳಿದು ಅಲ್ಲಿಂದ ಕಳ್ಳದಾರಿ ಹಿಡಿಯುತ್ತಾರೆ. ನೇರ ದಾರಿಯಲ್ಲಿ ಬರುವ ಮೂವತ್ತು ದಾಟಿದವಳಾದರೋ ನಮ್ಮ ಹಳ್ಳಿಗಳ ಲೆಕ್ಕದಲ್ಲಿ ಹೆಚ್ಚುಕಡಿಮೆ ಖಂಡಿತವಾಗಿ ತಾಯಿ, ಅವಳ ಮಕ್ಕಳು ಸರಿಯಾಗಿ ಶಾಲೆಯ ವಯಸ್ಸಿನವರು. ಅಂದರೆ ಎಂಟು ಹತ್ತು ವರ್ಷದ ಮಕ್ಕಳನ್ನು ಬಿಟ್ಟು ಬರುವವಳಿಗೇ ನಿಯಮ ಬಾಗಿಲು ತೆರೆದಿದೆ. ಆ ಮಕ್ಕಳಿಗಾಗಿ ಅರ್ಜಿಯಲ್ಲಿ ಒಂದು ಸಾಲೂ ಇಲ್ಲ. ತಾಯಿಯ ರಕ್ಷಣೆ ಒಂದು ಇಲಾಖೆ, ಮಗುವಿನ ವಿದ್ಯಾಭ್ಯಾಸ ಇನ್ನೊಂದು ಇಲಾಖೆ. ನಡುವೆ ಬಿದ್ದುಹೋದ ಹುಡುಗಿ ಯಾರ ಕಡತದಲ್ಲಿಯೂ ಇಲ್ಲ. ನಾವು ರೂಪಿಸುವ ಯೋಜನೆಗಳೂ ಹೀಗೆಯೇ ಎರಡು ಹೋಳಾಗಿರುವುದೇ ನನ್ನ ತಕರಾರು.

ತಾಯಿ-ಮಗುವನ್ನು ಹೀಗೆ ಬೇರ್ಪಡಿಸಿದ ಕಾನೂನನ್ನು ನಾನು ಮೊದಲು ಕಂಡದ್ದು ಕುವೈತಿನಲ್ಲಲ್ಲ, ತವರು ತಾಲ್ಲೂಕಾದ ಗೋಕಾಕದಲ್ಲಿ. ಪ್ರಾಥಮಿಕ ಶಾಲೆಯಲ್ಲಿ ನನ್ನ ಪಕ್ಕದಲ್ಲೇ ಕೂಡುತ್ತಿದ್ದ ಗೆಳತಿಯೊಬ್ಬಳಿದ್ದಳು. ಅವಳ ತಾಯಿ ಸವದತ್ತಿ ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವಳು. ಯಾವುದೇ ಅರ್ಜಿ ತುಂಬುವಾಗ ಮಾಸ್ತರರು ತಂದೆಯ ಹೆಸರು ಕೇಳುವರು. ಅವಳು ತಲೆ ತಗ್ಗಿಸುವಳು. ಹುಡುಗರು ನಗುವರು. ಆರನೆಯ ತರಗತಿಗೆ ಅವಳು ಬರಲಿಲ್ಲ. ಏಕೆಂದು ನಾನೂ ಕೇಳಲಿಲ್ಲ. 1982ರಲ್ಲಿ ಕರ್ನಾಟಕವು ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿ ಕಾನೂನು ಮಾಡಿತು. ಮುತ್ತು ಕಟ್ಟುವುದು ಅಪರಾಧವಾಯಿತು, ಶಾಲೆಯ ಹಾಜರಿ ಪುಸ್ತಕದಲ್ಲಿ ತಂದೆಯ ಹೆಸರಿನ ಖಾನೆ ಹಾಗೆಯೇ ಉಳಿಯಿತು. 1993-94ರ ಸಮೀಕ್ಷೆಯಲ್ಲಿ ಗುರುತಿಸಲಾದವರು 22,873 ಮಂದಿ; 2007-08ರ ಎರಡನೆಯ ಸಮೀಕ್ಷೆ ಸೇರಿ ಒಟ್ಟು 46,660. ಆ ಮಕ್ಕಳು ತಂದೆಯ ಹೆಸರು ಬರೆಯಲೇಬೇಕೆಂಬ ಕಡ್ಡಾಯವಿರಬಾರದೆಂದು ನಮ್ಮ ವಿಧಾನಮಂಡಲ ಒಪ್ಪಿದ್ದು 2025ರಲ್ಲಿ. ಒಂದು ಖಾನೆಗೆ 43 ವರ್ಷ!

ಈ ನಡುವೆ ಆ ಹೆಣ್ಣುಮಕ್ಕಳು ಕಾಯುತ್ತ ಕೂಡಲಿಲ್ಲ. ಮೈರಾಡ ಸಂಸ್ಥೆ ಮತ್ತು ರಾಜ್ಯ ಮಹಿಳಾ ಅಭಿವೃದ್ಧಿ ನಿಗಮಗಳ ಆಸರೆಯಿಂದ ಬೆಳಗಾವಿ ಜಿಲ್ಲೆಯಲ್ಲಿ ಮೊದಲಾದ ಕೆಲಸ 1997ರಲ್ಲಿ ಘಟಪ್ರಭೆಯಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯಾಗಿ ನೆಲೆಗೊಂಡಿತು. ಮಾಸ್ ಎಂದೇ ಪ್ರಸಿದ್ಧ. ಅದರ ಸದಸ್ಯರು, ಹಳ್ಳಿ ಹಳ್ಳಿ ತಿರುಗುವವರು, ಲೆಕ್ಕ ಬರೆಯುವವರು ಎಲ್ಲ ಹಿಂದೆ ದೇವದಾಸಿಯರಾಗಿದ್ದವರೇ. ಬಾಲ್ಯದಲ್ಲಿಯೇ ಸಮರ್ಪಿತರಾಗಿದ್ದ ಸೀತವ್ವ ಜೋಡಟ್ಟಿಯವರು ಆ ಸಂಸ್ಥೆಯನ್ನು ಮುನ್ನಡೆಸಿ 2018ರಲ್ಲಿ ಪದ್ಮಶ್ರೀ ಪಡೆದರು. ಯಾವ ಮನೆಯಲ್ಲಿ ಹುಡುಗಿಗೆ ಜಡೆ ಬಂದಿದೆ, ಯಾವ ಮನೆಯಲ್ಲಿ ಹರಕೆಯ ಮಾತು ನಡೆದಿದೆ ಎಂಬುದು ಅಧಿಕಾರಿಗೆ ತಿಳಿಯುವುದಲ್ಲ, ಅದನ್ನು ಅನುಭವಿಸಿದವಳಿಗೆ ವಾಸನೆಯಿಂದಲೇ ತಿಳಿಯುತ್ತದೆ. ಅಥಣಿ ಕಡೆ 1985ರಿಂದ ವಿಮೋಚನಾ ಸಂಘ ಮಾಡಿದ್ದೂ ಇದೇ ಹಾದಿಯ ಕೆಲಸ. ಮಳಬಾದದಲ್ಲಿ ಆ ತಾಯಂದಿರ ಮಕ್ಕಳಿಗೆ ವಸತಿ ಶಾಲೆ ತೆರೆಯಿತು. 1989ರಲ್ಲಿ ಆರಂಭವಾದ ಮಹಿಳಾ ಸಮಖ್ಯಾ ಕೂಡ ಬೀದರ, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಮೊದಲು ಹಳ್ಳಿಯ ಹೆಂಗಸರ ಸಂಘ ಕಟ್ಟಿ, ಅವರು ಕೇಳಿದ ಮೇಲೆ ಹುಡುಗಿಯರಿಗೆ ಶಿಕ್ಷಣ ಕೇಂದ್ರ ತೆರೆಯಿತು. 2016ರಲ್ಲಿ ಕೇಂದ್ರದ ನೆರವು ನಿಂತಿತು. ಅದು ನಿಂತಾಗ ನಮ್ಮ ಯಾವ ಸಮ್ಮೇಳನವೂ ಠರಾವು ಮಾಡಿದ ನೆನಪು ನನಗಿಲ್ಲ.

ಈಗ ನಮ್ಮ ಹಣದ ಮಾತು. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಹಕ್ಕಾಗಿಸಿದ 2009ರ ಕಾಯಿದೆಯಿದೆ. ಬಿಸಿಯೂಟವಿದೆ, 2023ರಿಂದ ಕರ್ನಾಟಕದ ಸರಕಾರಿ ಬಸ್ಸುಗಳಲ್ಲಿ ಹುಡುಗಿಯರಿಗೆ ಟಿಕೇಟೂ ಬೇಕಿಲ್ಲ. ಕೊಠಡಿಯ ಕೊರತೆಯಿಂದ ಶಾಲೆ ಬಿಟ್ಟ ಹುಡುಗಿಯನ್ನು ನಾನಂತೂ ಕಂಡಿಲ್ಲ. ಅಜ್ಜಿಗೆ ಜ್ವರ ಬಂದ ದಿನ ಆ ಮನೆಯ ಬಾಗಿಲು ತಟ್ಟಿ, ಶಾಲೆಗೆ ಏಕೆ ಬರಲಿಲ್ಲವೆಂದು ಕೇಳುವ ಒಬ್ಬ ಮನುಷ್ಯಳ ಕೊರತೆಯಿಂದ ಬಿಟ್ಟವರನ್ನು ಬಲ್ಲೆ. ಆದ್ದರಿಂದ ನನ್ನ ಸೂಚನೆ ಚಿಕ್ಕದು. ಒಂದೇ ಒಂದು ತಾಲ್ಲೂಕು ಆರಿಸೋಣ. ತಾಯಿ ಹೊರದೇಶಕ್ಕೆ ಹೋಗಿರುವ ಇಪ್ಪತ್ತು ಮಕ್ಕಳು. ಅವರನ್ನು ವಾರಕ್ಕೊಮ್ಮೆ ಕಂಡು, ಶಾಲೆಯಲ್ಲಿ ವಿಚಾರಿಸಿ, ಇತ್ತ ತಾಯಿಗೂ ನಮಗೂ ಸುದ್ದಿ ಮುಟ್ಟಿಸುವ ಊರಿನವಳೇ ಆದ ಒಬ್ಬ ಮಹಿಳೆ, ಸಾಧ್ಯವಾದರೆ ತಾನೂ ಒಮ್ಮೆ ಕೊಲ್ಲಿಗೆ ಹೋಗಿ ಬಂದವಳು. ಅವಳಿಗೆ ತಿಂಗಳಿಗೆ 40 ದಿನಾರ್, ಐದು ವರ್ಷ ತಪ್ಪದೆ. ಈ ತುದಿಯಲ್ಲಿ ನಾವು ಮೂರು ನಾಲ್ಕು ಗೃಹಿಣಿಯರು ಸಂಬಳ ಬಂತೇ, ಅಕಾಮಾ ಎಂದು ಮುಗಿಯುತ್ತದೆ ಎಂದು ತಾಯಿಯನ್ನು ಕೇಳುತ್ತಿರೋಣ. ಅಮೆರಿಕದ ಪ್ರತಿನಿಧಿಗಳು ಒಂದು ಸಂಗತಿ ಗಮನಿಸಬೇಕು: ಪೌರತ್ವ ಬದಲಿಸಿದವರ ದೇಣಿಗೆ 2010ರ ಕಾಯಿದೆಯಂತೆ ವಿದೇಶಿ ವಂತಿಗೆಯಾಗುತ್ತದೆ. ಕೊಲ್ಲಿಯಲ್ಲಿ ಎಷ್ಟು ದಶಕ ಕಳೆದರೂ ನಮ್ಮ ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟೇ ಆದ್ದರಿಂದ, ನಮ್ಮ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಆ ತೊಡಕಿಲ್ಲ. ಪೌರತ್ವ ಸಿಗದ ದುಃಖದಲ್ಲಿ ಇಷ್ಟಾದರೂ ಅನುಕೂಲ!

ಈ ಸೂಚನೆಯನ್ನು ಒಂದು ಸಭೆಯಲ್ಲಿ ಮುಂದಿಟ್ಟಾಗ ಹಿರಿಯರೊಬ್ಬರು, "ಅಮ್ಮಾ, ಇದರಲ್ಲಿ ಉದ್ಘಾಟನೆ ಮಾಡುವುದಕ್ಕೆ ಏನಿದೆ?" ಎಂದರು. ವ್ಯಂಗ್ಯವಲ್ಲ, ನಿಜವಾದ ಕಳಕಳಿಯಿಂದ ಕೇಳಿದರು. ದಾನಿಗಳಿಗೆ ತೋರಿಸಲು ಒಂದು ಕಲ್ಲಾದರೂ ಬೇಕು ಎಂಬುದು ಅವರ ಅನುಭವ. ಅವರ ಮಾತಿಗೆ ನನ್ನಲ್ಲಿ ಸಮಾಧಾನವಿಲ್ಲ.

ಕೆಳಮನೆಯ ಆ ಹೆಣ್ಣುಮಗಳು 2024ರ ಮಾರ್ಚಿಯಿಂದ ಜೂನ್‌ವರೆಗಿನ ಕ್ಷಮಾದಾನದ ಅವಧಿಯಲ್ಲಿ ದೂತಾವಾಸದಿಂದ ಔಟ್‌ಪಾಸ್ ಪಡೆದು ಊರಿಗೆ ಮರಳಿದಳು. ಮಗಳನ್ನು ಮತ್ತೆ ಶಾಲೆಗೆ ಕರೆದೊಯ್ದಾಗ, 14 ದಾಟಿದೆ, ಇನ್ನು ಸೇರಿಸಲಾಗದು ಎಂದು ಹಿಂದೆ ಕಳುಹಿಸಿದರಂತೆ. ಆ ವಯಸ್ಸು ದಾಟಿದ ಮೇಲೂ ಎಂಟನೆಯ ತರಗತಿ ಮುಗಿಯುವತನಕ ಉಚಿತವಾಗಿ ಓದುವ ಹಕ್ಕು ಅದೇ ಕಾಯಿದೆಯ 4ನೇ ಕಲಮಿನಲ್ಲಿದೆ. ಅದರ ಪ್ರತಿಯನ್ನು ನನ್ನ ಮಗ ಫೋನಿನಲ್ಲಿ ಕಳುಹಿಸಿದ, ತಾಯಿ ಅದನ್ನು ಹಿಡಿದು ಮತ್ತೆ ಹೋದಳು, ಸೇರಿಸಿಕೊಂಡರು. ಹುಡುಗಿ ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಹೋದ ತಿಂಗಳು ತಾಯಿ ಫೋನು ಮಾಡಿದ್ದಳು. ಕೂಲಿಯಿಂದ ಮನೆ ನಡೆಯುತ್ತಿಲ್ಲ, ಸಾಲದವರು ಬಾಗಿಲಿಗೆ ಬರುತ್ತಾರೆ. "ಅಕ್ಕಾರ, ಈ ಸಲ ಚಲೋ ಹಾದೀಲೆ ಬರ್ತೀನ್ರಿ, ಸರಕಾರದ ಏಜೆನ್ಸಿ ಹಿಡದ. ಆದ್ರ ಇಕಿನ್ನ ಯಾರ್ ನೋಡ್ಕೋತಾರ್ರಿ?" ಎಂದು ಕೇಳಿದಳು. ಸಮ್ಮೇಳನ ಮುಗಿದ ಮೇಲೆ ಹೇಳುತ್ತೇನೆಂದು ಹೇಳಿ ಫೋನು ಇಟ್ಟಿದ್ದೇನೆ.