ಆಟಿಸಂ ಮಕ್ಕಳಿಗೆ ಕಂಪ್ಯೂಟರ್ ಆಟ: ಪಕ್ಕದಲ್ಲಿ ಯಾರಿದ್ದಾರೆ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಗಳಿಂದ ನಮ್ಮ ಬಳಿಗೆ ಬರುವ ತಂದೆತಾಯಿಯರು ಈಚೆಗೆ ಕೇಳುವ ಪ್ರಶ್ನೆಯೊಂದಿದೆ: “ಆಟಿಸಂ ಇರುವ ಮಗುವಿಗೆ ಕಂಪ್ಯೂಟರ್ ಆಟ ಆಡಿಸಿದರೆ ಕೈಕಾಲು ಚುರುಕಾಗುವುದಂತೆ, ನಿಜವೇ ಡಾಕ್ಟರೇ?” ನಿಜವಿದೆ, ಆದರೆ ಅದಕ್ಕೊಂದು ಕಟ್ಟುಪಾಡೂ ಇದೆ.

ಆಟಿಸಂ ಮೆದುಳಿನ ಬೆಳವಣಿಗೆಯಲ್ಲಿನ ಒಂದು ಭಿನ್ನತೆ. ಮಾತು, ಒಡನಾಟಗಳ ತೊಡಕು ಎಲ್ಲರ ಕಣ್ಣಿಗೆ ಬೀಳುತ್ತದೆ; ಚಲನೆಯ ತೊಡಕು ಅಷ್ಟಾಗಿ ಬೀಳುವುದಿಲ್ಲ. ಅಂಗಿಯ ಗುಂಡಿ ಹಾಕಲು, ಬಳಪ ಹಿಡಿಯಲು, ಚೆಂಡನ್ನು ಹಿಡಿಯಲು, ಒಂಟಿಕಾಲಲ್ಲಿ ನಿಲ್ಲಲು ಇಂತಹ ಅನೇಕ ಮಕ್ಕಳು ಕಷ್ಟಪಡುತ್ತಾರೆ. ಕಣ್ಣು ಕಂಡದ್ದಕ್ಕೆ ಕೈ ಹೊಂದಿಕೊಳ್ಳುವುದು ಅಭ್ಯಾಸದಿಂದಲೇ. ಒಂದೇ ಚಲನೆಯನ್ನು ನೂರು ಸಲ ಮಾಡಿಸಲು ನಮ್ಮ ತಾಳ್ಮೆ ಸಾಲದು. ಆಟವಾದರೋ ಗದರುವುದಿಲ್ಲ, ಪ್ರತಿ ಸಲವೂ ಒಂದೇ ರೀತಿ ಸ್ಪಂದಿಸುತ್ತದೆ.

2010ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಕಿನೆಕ್ಟ್ ಎಂಬ ಕ್ಯಾಮೆರಾ ಸಾಧನವು ಆಡುವವರ ಇಡೀ ದೇಹದ ಚಲನೆಯನ್ನು ಗುರುತಿಸುತ್ತಿತ್ತು. ಇಂತಹ ಸಾಧನಗಳನ್ನು ಬಳಸಿ ನಡೆದ ಅಧ್ಯಯನಗಳು ಬಹುಮಟ್ಟಿಗೆ ಚಿಕ್ಕವು, ಆದರೂ ಆಶಾದಾಯಕ. ಅಂತಹ ಆಟದಲ್ಲಿ ಮಗು ಎದ್ದು ನಿಂತು, ಕೈಚಾಚಿ, ಜಿಗಿದು ಆಡುತ್ತದೆ. ಪಕ್ಕದಲ್ಲಿ ಕಲಿಸುವವರೊಬ್ಬರು ಇರಬೇಕು. ಮೂಲೆಯಲ್ಲಿ ಕುಳಿತು ಹೆಬ್ಬೆರಳಿನಿಂದ ಮೊಬೈಲ್ ಉಜ್ಜುವುದು ಚಿಕಿತ್ಸೆಯಲ್ಲ, ಮಗುವನ್ನು ಸುಮ್ಮನಿರಿಸುವ ಉಪಾಯವಷ್ಟೆ. 2 ವರ್ಷದೊಳಗೆ ಪರದೆ ಬೇಡ, 2ರಿಂದ 4 ವರ್ಷದವರೆಗೆ ಕುಳಿತು ನೋಡುವುದು ದಿನಕ್ಕೆ 1 ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ಆಟ ಮುಗಿದ ಮೇಲೆ ಅದೇ ಚಲನೆ ಮನೆಗೆಲಸಕ್ಕೆ ಇಳಿಯಬೇಕು. ರೊಟ್ಟಿಯ ಹಿಟ್ಟು ನಾದಲಿ, ಅಂಗಳದಲ್ಲಿ ಕುಂಟೆಬಿಲ್ಲೆ ಆಡಲಿ, ಅಜ್ಜಿಯ ಕಣ್ಣೆದುರಿಗೆ ಅಳಗುಳಿಮಣೆಗೆ ಹುಣಸೆಬೀಜ ತುಂಬಲಿ. ಸ್ಪರ್ಶವನ್ನು ಒಪ್ಪುವ ಮಗುವಿಗೆ ಎಣ್ಣೆಯ ಅಭ್ಯಂಗ ಹಿತ. ಆದರೆ ಆಟಿಸಂ ಅನ್ನು ಕಳೆಯುವ ಔಷಧ ನಮ್ಮ ಆಯುರ್ವೇದವೂ ಸೇರಿದಂತೆ ಯಾವ ಪದ್ಧತಿಯಲ್ಲಿಯೂ ಇಲ್ಲ. ಇದೆಯೆಂದು ಹಣ ಕೇಳುವವರನ್ನು ನಂಬಬೇಡಿ.

ಬಹಳ ಹಿಂದೆ, ಮಾತು ಬಾರದ ಮಗುವನ್ನು ಕರೆತಂದ ತಾಯಿಯೊಬ್ಬರಿಗೆ “ಗಂಡುಮಕ್ಕಳಿಗೆ ಮಾತು ತಡ, ಕಾಯಿರಿ” ಎಂದು ಹೇಳಿ ಕಳುಹಿಸಿದ್ದೆವು. ಆ ಮಗುವಿನ ಎರಡು ವರ್ಷಗಳು ನಮ್ಮ ಮಾತಿನಿಂದ ವ್ಯರ್ಥವಾದವು. ಆದ್ದರಿಂದ ಇಂದು ಕಾಯಿರಿ ಎನ್ನುವುದಿಲ್ಲ. ಸಂದೇಹ ಬಂದೊಡನೆ ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರಿಗೆ ಮಗುವನ್ನು ತೋರಿಸಿರಿ; ಅಗತ್ಯವಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಿರಿ.

ಕಂಪ್ಯೂಟರ್ ಇಲ್ಲವೆಂದು ಬಡ ತಾಯಿ ಕೊರಗಬೇಕಾಗಿಲ್ಲ. ದಿನವೂ ಅರ್ಧ ಗಂಟೆ ಮಗುವಿನ ಪಕ್ಕದಲ್ಲಿ ಕುಳಿತು ಆಡುವವರು ಮನೆಯಲ್ಲಿ ಒಬ್ಬರಿರಲಿ. ಅವರಿಲ್ಲದೆ ಯಾವ ಯಂತ್ರವೂ ಆ ಮಗುವಿಗೆ ಕಲಿಸಲಾರದು.