ಚುಕ್ಕಾಣಿ ಯಾರ ಕೈಯಲ್ಲಿ?

"ಪುಣ್ಯವಂತೆ ಕಣ್ರೀ ಆಕೆ! ಅತ್ತೆಮನೆಯಿಲ್ಲ, ನೆಂಟರಿಷ್ಟರಿಲ್ಲ. ಗಂಡ ಹೆಂಡತಿ ಇಬ್ಬರೇ, ಸುತ್ತ ನೀಲಿ ಸಮುದ್ರ!"

ನಾನು ತಂದ ಫೋಟೋಗಳನ್ನು ನೋಡಿ ನಮ್ಮ ಮಹಿಳಾ ಸಮಾಜದ ಗೆಳತಿಯರು ಹೀಗೆ ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರಿನ ಜೊತೆಗೇ ನನ್ನ ಜಗಳ.

ಟೊರೊಂಟೊದಲ್ಲಿರುವ ನನ್ನ ಮಗಳಿಗೆ ಪರಿಚಯದ ದಂಪತಿ ಅವರು. ಐವತ್ತು ದಾಟಿದ ಮೇಲೆ ಮನೆ ಮಾರಿ, ನಲವತ್ತು ಅಡಿಯ ಹಾಯಿದೋಣಿ ಕೊಂಡು, ಕೆರೀಬಿಯನ್ ದ್ವೀಪಗಳ ನಡುವೆ ಅದರಲ್ಲೇ ಸಂಸಾರ ಹೂಡಿದವರು. 2019ರ ಫೆಬ್ರವರಿಯಲ್ಲಿ ಮಗಳ ಜೊತೆ ನಾನೂ ಎಂಟು ದಿನ ಅವರ ಅತಿಥಿಯಾಗಿದ್ದೆ. ಗ್ರೆನಡಾದ ಸೇಂಟ್ ಜಾರ್ಜಸ್ ಬಂದರಿನಿಂದ ಉತ್ತರದ ಕ್ಯಾರಿಯಕೂ ದ್ವೀಪಕ್ಕೆ ಹೊರಟೆವು. ಅಲ್ಲಿ ಗಾಳಿ ಪೂರ್ವದಿಂದ ಒಂದೇ ಸಮನೆ ಬೀಸುತ್ತದೆ. ದೋಣಿ ಒಂದು ಮಗ್ಗುಲಿಗೆ ವಾಲಿಕೊಂಡೇ ಓಡುತ್ತದೆ.

ಒಳಗೆ ಅಡುಗೆಮನೆ ನಮ್ಮ ದೇವರಕೋಣೆಯಷ್ಟು. ದೋಣಿ ವಾಲಿದರೂ ಪಾತ್ರೆ ಉರುಳದಂತೆ ಒಲೆಯನ್ನು ತೊಟ್ಟಿಲಿನ ಹಾಗೆ ತೂಗುಬಿಟ್ಟಿರುತ್ತಾರೆ. ಅಡುಗೆ ಮಾಡುವವಳು ಬೀಳದಂತೆ ಸೊಂಟಕ್ಕೊಂದು ಪಟ್ಟಿ ಬಿಗಿದುಕೊಳ್ಳುತ್ತಾಳೆ. ಒಲೆಗೆ ಕಟ್ಟಿಹಾಕಿದ ಹೆಂಗಸು ಎಂದು ನಾವು ಭಾಷಣಗಳಲ್ಲಿ ಹೇಳುತ್ತೇವಲ್ಲ, ಅದನ್ನು ನಾನು ಅಲ್ಲಿ ಕಣ್ಣಾರೆ ಕಂಡೆ.

ಮೇಲೆ ಯಜಮಾನರು ಚುಕ್ಕಾಣಿ ಹಿಡಿದು ಕೂತಿದ್ದರು. ಅವರು ಕ್ಯಾಪ್ಟನ್. ಹಾಯಿ, ಎಂಜಿನ್ನು, ನಕ್ಷೆ, ರೇಡಿಯೋ ಅವರದು. ಅಡುಗೆ, ಸಾಮಾನು ಸಂಗ್ರಹ, ಅಳೆದ ನೀರಿನಲ್ಲಿ ಬಟ್ಟೆ ಒಗೆಯುವುದು ಆಕೆಯದು. ದೋಣಿವಾಸಿಗಳು ಇದಕ್ಕೆ ತಮಾಷೆಯಾಗಿ 'ನೀಲಿ ಕೆಲಸ, ಗುಲಾಬಿ ಕೆಲಸ' ಎನ್ನುತ್ತಾರಂತೆ. ಮನೆ ಮಾರಿ ಸಾವಿರಾರು ಮೈಲಿ ಬಂದರೂ ಇದೊಂದನ್ನು ಮಾತ್ರ ಮಾರದೆ ಜೊತೆಗೇ ತಂದಿದ್ದರು.

"ಅವರು ನೀರಿಗೆ ಬಿದ್ದರೆ ನೀವೇನು ಮಾಡ್ತೀರಿ?" ಎಂದು ಕೇಳಿದೆ.

ಆಕೆ ನಕ್ಕುಬಿಟ್ಟಳು. "ಅವನು ಬೀಳುವುದಿಲ್ಲ."

ನನಗೆ ನಗು ಬರಲಿಲ್ಲ. ಗಂಟೆಗೆ ಹನ್ನೊಂದು ಕಿಲೋಮೀಟರ್ ವೇಗದಲ್ಲಿ ಹೋಗುವ ದೋಣಿ ಒಂದು ನಿಮಿಷದಲ್ಲಿ ನೂರೆಂಬತ್ತು ಮೀಟರ್ ದಾಟಿರುತ್ತದೆ. ಅಷ್ಟರೊಳಗೆ ಅಲೆಗಳ ನಡುವೆ ಬಿದ್ದವನ ತಲೆ ಕಾಣುವುದೂ ಕಷ್ಟ. ಹಾಯಿ ಇಳಿಸಿ ದೋಣಿ ತಿರುಗಿಸಲು ಬಾರದ ಹೆಂಡತಿ, ಗಂಡನನ್ನು ಹಿಂದೆ ಬಿಟ್ಟು ದೂರ ದೂರ ಹೋಗುತ್ತಲೇ ಇರಬೇಕು.

ಆ ನಗು ನನಗೆ ಹೊಸದಲ್ಲ. "ಎಲ್ಲಾ ಅವರೇ ನೋಡ್ಕೋತಾರೆ" ಎಂದು ನಾನೂ ಮೂವತ್ತು ವರ್ಷ ಹಾಗೇ ನಕ್ಕವಳು. 2011ರಲ್ಲಿ ನಮ್ಮವರು ಬಚ್ಚಲಲ್ಲಿ ಕುಸಿದು ಬಿದ್ದು ಮಾತು ಹೋದಾಗ, ನಮ್ಮ ಹಣ ಯಾವ ಬ್ಯಾಂಕಿನಲ್ಲಿದೆ ಎಂಬುದೇ ನನಗೆ ತಿಳಿದಿರಲಿಲ್ಲ. ಅವರು ಇಟ್ಟಿದ್ದ ದುಡ್ಡು ಬ್ಯಾಂಕಿನಲ್ಲಿ ತಣ್ಣಗಿತ್ತು. ನಾನು ಕೊರಳ ಸರ ಅಡವಿಟ್ಟು ಆಸ್ಪತ್ರೆಯ ಮುಂಗಡ ಕಟ್ಟಿದೆ. ಅವರೇನೋ ಗುಣವಾಗಿ ಬಂದರು. ಆ ನಗು ಮಾತ್ರ ನನಗೆ ಮತ್ತೆ ಬರಲಿಲ್ಲ.

ಹೆಂಗಸರಿಗೆ ಅಷ್ಟು ಶಕ್ತಿ ಎಲ್ಲಿ ಎನ್ನುವವರಿದ್ದಾರೆ. ಹಾಯಿಯ ಹಗ್ಗವನ್ನು ಎಳೆಯುವುದು ರಟ್ಟೆಯಲ್ಲ, ತಿರುಗುವ ರಾಟೆ. ನಮ್ಮ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು 'ತಾರಿಣಿ' ಹಾಯಿದೋಣಿಯಲ್ಲಿ 2017ರ ಸೆಪ್ಟೆಂಬರಿನಲ್ಲಿ ಗೋವಾದಿಂದ ಹೊರಟು, 2018ರ ಮೇ ತಿಂಗಳಲ್ಲಿ ಭೂಮಿ ಸುತ್ತಿ ಬಂದರು. 2024-25ರಲ್ಲಿ ಅದೇ ದೋಣಿಯಲ್ಲಿ ದಿಲ್ನಾ ಮತ್ತು ರೂಪಾ, ಇಬ್ಬರೇ ಇಬ್ಬರು, ಮತ್ತೊಮ್ಮೆ ಸುತ್ತಿದರು. ಅವರಿಗೂ ಹಸಿವಾಗುತ್ತಿತ್ತು, ಅವರೂ ಅಡುಗೆ ಮಾಡಿಕೊಂಡೇ ಸುತ್ತಿದರು.

"ಪ್ರೀತಿಯಿಂದ ನೋಡಿಕೊಳ್ಳುವ ಗಂಡನ ಮೇಲೆ ಯಾಕ್ರೀ ನಿಮಗೆ ಸಿಟ್ಟು?" ಎಂದಳು ಒಬ್ಬ ಗೆಳತಿ. ಸಿಟ್ಟು ಅವನ ಮೇಲಲ್ಲ. ರಾತ್ರಿ ಪಯಣದಲ್ಲಿ ಸರದಿಯಂತೆ ಒಬ್ಬರು ಎಚ್ಚರವಿರಬೇಕು. ಕೆಲಸ ಕಲಿಯದವಳ ಸರದಿಯಲ್ಲಿ ಅವನಿಗೂ ನಿದ್ದೆಯಿಲ್ಲ. ಹೆಂಡತಿಗೆ ಏನೂ ಕಲಿಸದ ಪ್ರೀತಿ ಇಬ್ಬರನ್ನೂ ಮುಳುಗಿಸುತ್ತದೆ. ಆ ಸಮುದ್ರವೂ ಫೋಟೋದಲ್ಲಿ ಇರುವಷ್ಟು ಸಾಧುವಲ್ಲ. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಇದೇ ಕ್ಯಾರಿಯಕೂ ದ್ವೀಪವನ್ನು ಧ್ವಂಸ ಮಾಡಿತು. ಕಾಂಡ್ಲಾ ಗಿಡಗಳ ಆಸರೆಯಲ್ಲಿ ಕಟ್ಟಿದ್ದ ದೋಣಿಗಳೂ ಎಷ್ಟೋ ಹಾಳಾದವು.

ಹೊರಡುವ ಹಿಂದಿನ ದಿನ ಆಕೆಯೇ ಒಂದು ದಿಂಬನ್ನು ನೀರಿಗೆ ಎಸೆದಳು. "ಇದು ನೀನು ಅಂದುಕೋ. ಸುಮ್ಮನೆ ಕೂತಿರು" ಎಂದು ಗಂಡನಿಗೆ ಹೇಳಿ ಚುಕ್ಕಾಣಿ ಹಿಡಿದಳು. ಮೊದಲ ಸಲ ದಿಂಬು ಎಲ್ಲೋ ಉಳಿಯಿತು. ಎರಡನೆಯ ಸಲ ಕೈಗೆ ಸಿಕ್ಕಂತಾಗಿ ತಪ್ಪಿತು. ಮೂರನೆಯ ಸಲ ಕೋಲಿನಿಂದ ಎಳೆದು ಮೇಲೆ ಹಾಕಿದಳು. ಆ ಮಧ್ಯಾಹ್ನ ಪಟ್ಟಿ ಬಿಗಿದುಕೊಂಡು ಒಲೆಯ ಮುಂದೆ ನಿಂತವರು ಕ್ಯಾಪ್ಟನ್. ಅನ್ನ ತಳ ಹಿಡಿದಿತ್ತು. ಯಾರೂ ದೂರಲಿಲ್ಲ.

ಗೆಳತಿಯರೇ, ನಮ್ಮ ಮನೆಯಂಗಳದಲ್ಲಿ ಸಮುದ್ರವಿಲ್ಲ, ನಿಜ. ಆದರೆ ಬೀರುವಿನಲ್ಲಿ ಒಂದು ಫೈಲು ಇರುತ್ತದೆ. ಇವತ್ತು ರಾತ್ರಿ ಊಟವಾದ ಮೇಲೆ ಅದನ್ನು ತೆಗೆಸಿ, ಪಕ್ಕದಲ್ಲಿ ಕೂತು ಒಂದೊಂದೇ ಕಾಗದ ಓದಿ. ಅವರು "ನಿನಗ್ಯಾಕೆ ಇದೆಲ್ಲ?" ಎಂದರೆ, ನಗಬೇಡಿ.