ಹುಬ್ಬು ತಿದ್ದಿಸುವ ಮೊದಲು

ರಮಝಾನ್‌ನ ಕೊನೆಯ ದಿನಗಳಲ್ಲಿ ಶಿವಾಜಿನಗರಕ್ಕೆ ಹೋದವರಿಗೆ ಗೊತ್ತು. ಕಮರ್ಷಿಯಲ್ ಸ್ಟ್ರೀಟ್, ಇಬ್ರಾಹಿಂ ಸಾಹಿಬ್ ಸ್ಟ್ರೀಟ್‌ಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಟ್ಟೆ, ಬಳೆ, ಮೆಹಂದಿ ಎಲ್ಲ ಮುಗಿದ ಮೇಲೆ ಹೆಣ್ಣುಮಕ್ಕಳು ಐಬ್ರೋ ಮಾಡಿಸಲು ಪಾರ್ಲರಿನಲ್ಲಿ ಸಾಲು ಹಿಡಿಯುತ್ತಾರೆ. ಚಾಂದ್ ರಾತ್‌ನಂದು ಒಬ್ಬರು ಎದ್ದ ಕೂಡಲೇ ಅದೇ ಕುರ್ಚಿಯಲ್ಲಿ ಇನ್ನೊಬ್ಬರು. ಕೈ ತೊಳೆಯುವಷ್ಟು ಬಿಡುವೂ ಕೆಲಸದವಳಿಗಿಲ್ಲ.

ಎರಡು ವರ್ಷಗಳ ಹಿಂದೆ ನನ್ನ ಅಕ್ಕನ ಮಗಳೂ ಹಾಗೆಯೇ ಕೂತು ಬಂದಳು. ಅವಳಿಗಾಗ ಹದಿನಾಲ್ಕು. ಈದ್‌ನ ಮೂರನೇ ದಿನ ಹುಬ್ಬಿನ ಕೆಳಗೆಲ್ಲ ಕೀವುಗುಳ್ಳೆ, ರೆಪ್ಪೆ ಊದಿ ಒಂದು ಕಣ್ಣು ಅರ್ಧ ಮುಚ್ಚಿತ್ತು. ಕೂದಲಿನ ಬುಡಕ್ಕೆ ಸೋಂಕು ತಗುಲಿದೆ ಎಂದರು ಚರ್ಮದ ಡಾಕ್ಟರು. ಔಷಧಿಯಿಂದ ವಾಸಿಯಾಯಿತು, ಆದರೆ ಕಪ್ಪು ಕಲೆ ಹೋಗಲು ತಿಂಗಳುಗಳೇ ಬೇಕಾದವು. ಯಾಕೆ ಹೋಗಿದ್ದೆ ಎಂದು ಕೇಳಿದಾಗ ಅವಳು ಹೇಳಿದ್ದು: “ಖಾಲಾ, ಮದುವೆ ಮನೆಗೆ ಹೋದರೆ ಎಲ್ಲರೂ ನನ್ನ ಹುಬ್ಬು ಗಂಡುಹುಡುಗರ ಹಾಗಿದೆ ಅಂತಾರೆ.”

ಹಾಗೆ ಅಂದವರು ಹೊರಗಿನವರಲ್ಲ. ನಾವೇ, ಮನೆಯ ಹಿರಿಯ ಹೆಂಗಸರು.

ಮುಖದ ಕೂದಲು ಕೀಳುವ, ಕೀಳಿಸಿಕೊಳ್ಳುವ ಸ್ತ್ರೀಯರ ಕುರಿತ ಕಠಿಣ ಎಚ್ಚರಿಕೆ ಹ. ಅಬ್ದುಲ್ಲಾ ಇಬ್ನು ಮಸ್‌ಊದ್(ರ)ರಿಂದ ಬುಖಾರಿ, ಮುಸ್ಲಿಮ್ ಎರಡರಲ್ಲೂ ವರದಿಯಾಗಿದೆ. ಹೆಚ್ಚಿನ ವಿದ್ವಾಂಸರು ಅಂದಕ್ಕಾಗಿ ಹುಬ್ಬು ಕಿತ್ತು ತೆಳುವಾಗಿಸುವುದು ಸಲ್ಲದೆನ್ನುತ್ತಾರೆ. ಎರಡು ಹುಬ್ಬುಗಳ ನಡುವಿನ ಕೂದಲು, ವಿಕಾರವೆನಿಸುವಷ್ಟು ಬೆಳೆದ ಕೂದಲಿನ ವಿಷಯದಲ್ಲಿ ಕೆಲವರು ವಿನಾಯಿತಿ ನೀಡಿದ್ದಾರೆ. ಫತ್ವಾ ಕೊಡುವುದು ನನ್ನ ಕೆಲಸವಲ್ಲ, ನಿಮಗೆ ನಂಬಿಕೆಯಿರುವ ಆಲಿಮರನ್ನು ಕೇಳಿ. ಇಂದಿರಾನಗರದ ಕಡೆ ಈಗ ಜೋರಾಗಿರುವ ಮೈಕ್ರೋಬ್ಲೇಡಿಂಗ್ ಮಾತ್ರ ಬೇರೆಯೇ ವಿಷಯ. ಅದು ಸೂಜಿಮೊನೆಯಿಂದ ಚರ್ಮದೊಳಗೆ ಬಣ್ಣ ಇಳಿಸುವುದು, ಅಂದರೆ ಹಚ್ಚೆಯೇ. ಅದೇ ಹದೀಸ್‌ನಲ್ಲಿ ಹಚ್ಚೆಯ ಮಾತೂ ಇದೆ. ನೀರು ತಾಗದ ಐಬ್ರೋ ಜೆಲ್ ಹಚ್ಚುವವರು ವುಝೂಗೆ ಮೊದಲು ಅದನ್ನು ತೆಗೆಯಬೇಕು.

ಇನ್ನು ಆರೋಗ್ಯದ ಮಾತು. ಹುಬ್ಬು ಬರೀ ಅಲಂಕಾರವಲ್ಲ, ಹಣೆಯ ಬೆವರು ಕಣ್ಣಿಗೆ ಇಳಿಯದಂತೆ ತಡೆಯುತ್ತದೆ. ದಾರದಿಂದ ಕೂದಲು ಎಳೆದಾಗ ಚರ್ಮದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಯಗಳಾಗುತ್ತವೆ. ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದರೆ ಎಂಜಲು ಆ ಗಾಯಕ್ಕೆ ತಗಲಬಹುದು. ಅದೇ ದಾರ, ಅದೇ ಚಿಮಟ ಹತ್ತು ಮಂದಿಗೆ ಓಡಾಡಿದರೆ ಕೀವುಗುಳ್ಳೆ ಮಾತ್ರವಲ್ಲ, ವೈರಸ್‌ನಿಂದ ಬರುವ ನರಹುಲಿಯೂ ಹರಡುತ್ತದೆ. ತೊನ್ನು ಇರುವವರಿಗೆ ಗಾಯವಾದ ಜಾಗದಲ್ಲೇ ಹೊಸ ಬಿಳಿ ಮಚ್ಚೆ ಏಳಬಹುದು, ಅವರು ದಾರದ ಸಹವಾಸಕ್ಕೇ ಹೋಗಬಾರದು. ವರ್ಷಗಟ್ಟಲೆ ಕಿತ್ತರೆ ಬುಡವೇ ಸೊರಗಿ ಕೂದಲು ಮರಳಿ ಬಾರದೆ ಹೋಗಬಹುದು. ಎಳೆಯಂಥ ಹುಬ್ಬಿನ ಫ್ಯಾಷನ್ ಇದ್ದ 1990ರ ದಶಕದಲ್ಲಿ ಕಿತ್ತುಕೊಂಡ ನನ್ನ ಓರಗೆಯವರು ಕೆಲವರು ಇಂದಿಗೂ ಪೆನ್ಸಿಲ್ ಹಿಡಿದೇ ಹೊರಗೆ ಹೊರಡುತ್ತಾರೆ.

ಮಾಡಿಸುವುದೇ ಆದರೆ ಇಷ್ಟನ್ನು ಕೇಳಿ ಪಡೆಯಿರಿ, ಸಂಕೋಚ ಬೇಡ. ಹೊಸ ದಾರ ಕತ್ತರಿಸಲಿ, ಬಾಯಿಗೆ ಇಡದೆ ಕುತ್ತಿಗೆಗೆ ಕಟ್ಟಿಕೊಳ್ಳಲಿ. ಕೈ ತೊಳೆಯಲಿ, ಚಿಮಟ ಕತ್ತರಿಗಳನ್ನು ಸ್ಪಿರಿಟ್‌ನಿಂದ ಒರೆಸಲಿ. ಮೊಡವೆ, ಗಾಯ, ಕಣ್ಣುಬೇನೆ ಇದ್ದಾಗ ಹೋಗಬೇಡಿ. ಮುಗಿದ ಮೇಲೆ ತಣ್ಣೀರಿನ ಬಟ್ಟೆ ಸಾಕು, ಪೌಡರ್, ಸುವಾಸನೆಯ ಕ್ರೀಮು ಬೇಡ. ಚಾಂದ್ ರಾತ್‌ವರೆಗೆ ಕಾಯದೆ ನಾಲ್ಕೈದು ದಿನ ಮೊದಲೇ ಹೋದರೆ ಕೆಲಸದವಳಿಗೂ ಪುರುಸೊತ್ತಿರುತ್ತದೆ.

ನಿಖಾಬ್ ಹಾಕುವವರಲ್ಲಿ ಹೊರಗೆ ಕಾಣುವುದೇ ಕಣ್ಣು ಮತ್ತು ಹುಬ್ಬು, ಹಾಗಾಗಿ ನಮ್ಮ ಹುಡುಗಿಯರ ಗಮನವೆಲ್ಲ ಅಲ್ಲೇ. ದುಂಡು ಮುಖಕ್ಕೆ ತುಸು ಏರಿದ ಬಾಗು, ಉದ್ದ ಮುಖಕ್ಕೆ ನೇರ ಹುಬ್ಬು ಒಪ್ಪುತ್ತದೆ ಎಂದು ಪಾರ್ಲರಿನವರು ಹೇಳುತ್ತಾರೆ. ಒಂದು ಪೆನ್ಸಿಲನ್ನು ಮೂಗಿನ ಹೊಳ್ಳೆಯ ಪಕ್ಕ ನೇರ ನಿಲ್ಲಿಸಿ ನೋಡಿ, ಹುಬ್ಬು ಶುರುವಾಗಬೇಕಾದುದು ಅಲ್ಲಿ. ಹೊಳ್ಳೆಯಿಂದ ಕಣ್ಣಿನ ಹೊರತುದಿಯತ್ತ ಓರೆಯಾಗಿ ಹಿಡಿದರೆ ಮುಗಿಯಬೇಕಾದ ಜಾಗ ತೋರುತ್ತದೆ. ಬಹುತೇಕ ಹುಡುಗಿಯರ ಹುಬ್ಬು ತಾನಾಗಿಯೇ ಆ ಅಳತೆಯ ಹತ್ತಿರ ಇರುತ್ತದೆ. ಮುಖದ ಮೂಳೆಗೆ ತಕ್ಕ ಹುಬ್ಬನ್ನು ಅಲ್ಲಾಹನು ಕೊಟ್ಟೇ ಕಳಿಸಿದ್ದಾನೆ. ಎರಡೂ ಹುಬ್ಬು ಒಂದೇ ಅಚ್ಚಿನಲ್ಲಿ ಇರುವುದಿಲ್ಲ, ಸಮ ಮಾಡಲು ಹೊರಟರೆ ಎರಡೂ ಸವೆಯುತ್ತವೆ.

ಕೀಳದೆಯೇ ಹುಬ್ಬು ಉದುರುತ್ತಿದ್ದರೆ ಪೆನ್ಸಿಲ್‌ನಿಂದ ಮುಚ್ಚಬೇಡಿ. ಹೊರಗಿನ ಮೂರನೇ ಒಂದು ಭಾಗ ತೆಳುವಾಗುವುದು ಥೈರಾಯ್ಡ್ ಕೊರತೆಯ ಗುರುತಾಗಿರಬಹುದು, ಒಂದು ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ಹುಬ್ಬು ಉದುರುವುದರ ಜೊತೆಗೆ ಸ್ಪರ್ಶ ತಿಳಿಯದ ಮಚ್ಚೆಗಳಿದ್ದರೆ ಕುಷ್ಠವೂ ಆಗಿರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಉಚಿತ, ಪೂರ್ತಿ ವಾಸಿಯಾಗುತ್ತದೆ. ಶಿವಾಜಿನಗರದವರಿಗೆ ಬೌರಿಂಗ್ ಆಸ್ಪತ್ರೆ ಕೂಗಳತೆಯಲ್ಲೇ ಇದೆ.

ನನ್ನ ಅಭಿಪ್ರಾಯ ಇಷ್ಟೇ. ಬೆಳೆಯುವ ಹುಡುಗಿಯರನ್ನು ಆ ಕುರ್ಚಿಯಲ್ಲಿ ಕೂರಿಸಬೇಡಿ. ಹೆಣ್ಣು ನೋಡಲು ಹೋದಾಗ, ದಾವತ್‌ನಲ್ಲಿ, ಹುಡುಗಿಯರ ಹುಬ್ಬು ಮೀಸೆಯ ಮಾತನ್ನು ಬಾಯಿಗೆ ತರಬೇಡಿ. ನನ್ನ ಸೋದರಿಯ ಮಗಳ ಹುಬ್ಬು ಈಗ ಮೊದಲಿನಂತೆ ದಟ್ಟವಾಗಿದೆ. ಕಳೆದ ಈದ್‌ಗೆ ಅವಳು ಹೊಸ ಬಟ್ಟೆ ತೊಟ್ಟು ಬಂದಾಗ “ಚೆನ್ನಾಗಿ ಕಾಣುತ್ತೀ ಬೇಟಿ” ಅಂದೆ. ಆ ಮಾತನ್ನು ಮೊದಲೇ ಅಂದಿದ್ದರೆ ಅವಳು ಪಾರ್ಲರಿಗೆ ಹೋಗುತ್ತಲೇ ಇರಲಿಲ್ಲವೇನೋ.